ವಾರಕ್ಕೆ ಎರಡೇ ದಿನ ಡಾಕ್ಟರ್ ಬರೂ ಊರಾಗ ಪಂಚಾಯಿತಿ ಏನು ಮಾಡಬಹುದು?

ಪ್ರಶ್ನೆ – ಗ್ರಾಮ ಪಂಚಾಯಿತಿ ಸದಸ್ಯೆ, ಇಂಡಿ ತಾಲ್ಲೂಕು

ನಮ್ಮ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕ (ಪಿಎಚ್‌ಸಿ) ಡಾಕ್ಟರ್ ವಾರದಾಗ ಎರಡು ದಿನ ಅಷ್ಟ ಬರ್ತಾರ. ಊರಾಗ ಉಪಕೇಂದ್ರ ಐತಿ, ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಅದಾರ. ಆದ್ರೂ ಬಿಪಿ, ಶುಗರ್ ಇರೂ ವಯಸ್ಸಾದವ್ರು ಗುಳಿಗಿ ಸಲುವಾಗಿ ತಾಲ್ಲೂಕಿಗೆ ಬಸ್ ಹತ್ತಬೇಕು. ಏನು ಮಾಡಿದ್ರ ಕೆಲಸ ಆಗ್ತದ? ತಿಳಿದವರು ಹೇಳ್ರಿ.

ನಿವೃತ್ತ ಹಿರಿಯ ಆರೋಗ್ಯ ಸಹಾಯಕರು, ಸಿಂದಗಿ

ಅಕ್ಕಾರ, ಮೊದಲ ಇದನ್ನ ತಿಳಕೋರಿ: ಹುದ್ದೆ ಖಾಲಿ ಐತೋ, ಇಲ್ಲಾ ಡಾಕ್ಟರ್ ನಿಯೋಜನೆ ಮ್ಯಾಲೆ ಬ್ಯಾರೆ ಕಡೆ ಹೋಗ್ಯಾರೋ? ಖಾಲಿ ಇದ್ರ ಗುತ್ತಿಗೆ ನೇಮಕಾತಿ ಕೇಳಬೇಕು. ನಿಯೋಜನೆ ಇದ್ರ ಅದನ್ನ ರದ್ದು ಮಾಡ್ರಿ ಅಂತ ಕೇಳಬೇಕು, ಯಾಕಂದ್ರ ಕಾಗದದ ಮ್ಯಾಲೆ ಹುದ್ದೆ ತುಂಬಿರ್ತದ, ಹೊಸಬ್ರನ್ನ ಕೊಡಾಕ ಬರೂದಿಲ್ಲ. ಬಹಳ ಊರಿನ ಅರ್ಜಿ ಬಿದ್ದುಹೋಗೂದು ಇಲ್ಲೇ.

ಮಾಹಿತಿ ಹಕ್ಕಿನ್ಯಾಗ ಕೇಳ್ರಿ. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದ ವಿಷಯ, 150 ಪದದೊಳಗ ಇರಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕ 30 ದಿನ. ಮಂಜೂರಾದ ಹುದ್ದೆ ಎಷ್ಟು, ಈ ಕೇಂದ್ರದಿಂದ ಯಾರ ಪಗಾರ ಆಗ್ತದ, ಅವರು ಯಾವ ಆದೇಶದ ಮ್ಯಾಲೆ ಎಲ್ಲಿ ಕೆಲಸ ಮಾಡ್ತಾರ, ಇಷ್ಟ ಸಾಕು. ಆ ಉತ್ತರಾನ ಗ್ರಾಮಸಭೆ ಠರಾವಿಗೆ ಹಚ್ಚಿ ತಾಲ್ಲೂಕು ಆರೋಗ್ಯಾಧಿಕಾರಿ (ಟಿಎಚ್‌ಒ), ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ), ಜಿಲ್ಲಾ ಪಂಚಾಯಿತಿ ಸಿಇಒ ಮೂವರಿಗೂ ಕೊಟ್ಟು ಸ್ವೀಕೃತಿ ತಗೋರಿ. ಬರೇ ‘ಡಾಕ್ಟರ್ ಬೇಕು’ ಅಂತ ಬರೆದ ಠರಾವು ಯಾರೂ ಓದೂದಿಲ್ಲ. ದಿನದ ಓಪಿಡಿ (ಹೊರರೋಗಿ) ಸಂಖ್ಯೆ, ತಿಂಗಳ ಹೆರಿಗೆ, ಮುಂದಿನ 24 ತಾಸಿನ ಆಸ್ಪತ್ರಿ ಎಷ್ಟು ಕಿಲೋಮೀಟರ್ ಅನ್ನೂದು ಇರಬೇಕು. ಬಯಲು ಪ್ರದೇಶಕ್ಕ 30,000 ಜನಕ್ಕ ಒಂದು ಪಿಎಚ್‌ಸಿ ಅನ್ನೂದು ಮಾನದಂಡ. ನಿಮ್ಮ ವ್ಯಾಪ್ತಿ ದೊಡ್ಡದಿದ್ರ ಅದನ್ನೂ ಬರೀರಿ.

ಕ್ವಾರ್ಟರ್ಸ್‌ನಾಗ ನೀರು, ಸಂಡಾಸ ಸರಿ ಐತೇನು ನೋಡ್ರಿ. ಅದು ಪಂಚಾಯಿತಿ ಕೈಯಾಗ ಇರೂ ಕೆಲಸ. ಇರಾಕ ಮನಿ ಇಲ್ಲಾಂದ್ರ ಬಂದವ್ರೂ ಉಳಿಯೂದಿಲ್ಲ.

ಸಮುದಾಯ ಆರೋಗ್ಯ ಅಧಿಕಾರಿ, ಬೀಳಗಿ ಕಡೆ

ಬಿಪಿ, ಶುಗರ್‌ನವ್ರಿಗೆ ಡಾಕ್ಟರ್ ಎದುರಿಗೇ ಬೇಕಂತಿಲ್ಲ ಮೇಡಂ. ಉಪಕೇಂದ್ರದಿಂದ ಇ-ಸಂಜೀವಿನಿಯಲ್ಲಿ, ಅಂದರೆ ಸರ್ಕಾರದ ವಿಡಿಯೊ ಕರೆ ವೈದ್ಯ ಸೇವೆಯಲ್ಲಿ, ಹಬ್ ಡಾಕ್ಟರ್ (ಆ ಕಡೆ ಕೂತು ಸಲಹೆ ಕೊಡುವ ವೈದ್ಯರು) ಸಿಗ್ತಾರೆ. ಅಲ್ಲಿ ತಪ್ಪುವುದು ತಯಾರಿಯಲ್ಲಿ. ಕರೆ ಹಚ್ಚುವ ಮೊದಲೇ ತೂಕ, ಬಿಪಿ, ಶುಗರ್, ನಾಡಿ, ಆಕ್ಸಿಜನ್ ಬರೆದಿಟ್ಟು, ಈಗ ನುಂಗುತ್ತಿರುವ ಗುಳಿಗೆಯ ಪಟ್ಟಿ ಕೈಯಲ್ಲಿರಬೇಕು. ರೋಗಿಯನ್ನು ಐದು ನಿಮಿಷ ಕೂಡಿಸಿ ಬಿಪಿ ನೋಡಬೇಕು. ನಡೆದು ಬಂದ ಕೂಡಲೇ ನೋಡಿದರೆ ಹೆಚ್ಚು ಬರುತ್ತದೆ, ಆ ಕಡೆ ಸುಮ್ಮನೆ ಡೋಸ್ ಏರುತ್ತದೆ. ಲ್ಯಾಪ್‌ಟಾಪ್ ಮೈಕ್ ನಂಬಬೇಡಿ, ಹೆಡ್‌ಫೋನ್ ಇರಲಿ.

ಔಷಧ ಇಲ್ಲದಿದ್ದರೆ ಸಲಹೆ ಇದ್ದೂ ಉಪಯೋಗವಿಲ್ಲ. ಬೇಡಿಕೆಯನ್ನು ಅಂದಾಜಿನಿಂದಲ್ಲ, ರೋಗಿ ಲೆಕ್ಕದಿಂದ ಬರೆಸಿ. ಬಿಪಿಯ ಆಮ್ಲೋಡಿಪಿನ್ 5 ಮಿ.ಗ್ರಾಂ ದಿನಕ್ಕೊಂದರಂತೆ 120 ಜನಕ್ಕೆ ತಿಂಗಳಿಗೆ 3,600 ಗುಳಿಗೆ. ಶುಗರ್‌ನ ಮೆಟ್‌ಫಾರ್ಮಿನ್ ದಿನಕ್ಕೆರಡಾದರೆ ಒಬ್ಬರಿಗೆ 60. ಇದರ ಮೇಲೆ ಒಂದು ತಿಂಗಳ ದಾಸ್ತಾನು ಇರಬೇಕು. ವಾರಕ್ಕೊಮ್ಮೆ ಏಳೇಳು ಗುಳಿಗೆ ಕೊಡುವುದನ್ನು ನಿಲ್ಲಿಸಿ, 30 ದಿನದ್ದು ಒಮ್ಮೆಗೇ ಕೊಡಿಸಿ. ಜನ ಔಷಧ ಬಿಡುವುದು ಈ ಓಡಾಟದ ಬೇಸರಕ್ಕೆ.

ಎಲೆಕ್ಟ್ರಿಷಿಯನ್, ತಾಳಿಕೋಟೆ

ಕರೆಂಟ್ ಹೋದ್ರ ಇದೆಲ್ಲಾ ನಿಂತ್ಹೋಗ್ತದ. ಲ್ಯಾಪ್‌ಟಾಪ್, ರೂಟರ್, ಒಂದು ಲೈಟ್ ಸೇರಿ 100 ವ್ಯಾಟ್ ಹಿಡೀರಿ. ಇನ್ವರ್ಟರಿನ 150 ಎಎಚ್ ಬ್ಯಾಟರಿ ಚಲೋ ಇದ್ರ ಎಂಟು ತಾಸು ನಡೀತದ. ಫ್ಯಾನ್, ಫ್ರಿಜ್ ಆ ಲೈನಿಗೆ ಹಚ್ಚಬ್ಯಾಡ್ರಿ. ಡಿಸ್ಟಿಲ್ಡ್ ನೀರು ತಿಂಗಳಿಗೊಮ್ಮೆ ಯಾರು ನೋಡಬೇಕು ಅಂತ ಹೆಸರು ಹಾಕ್ರಿ, ಬ್ಯಾಟರಿ ಸಾಯೂದು ಅದಕ್ಕ.

ವೈದ್ಯಾಧಿಕಾರಿ, ಅಥಣಿ

ಒಂದು ಎಚ್ಚರಿಕೆ. ಎದೆನೋವು, ಕೈಕಾಲು ಸ್ವಾಧೀನ ತಪ್ಪುವುದು, ಗರ್ಭಿಣಿಗೆ ರಕ್ತಸ್ರಾವ, ಹಾವು ಕಡಿತ ಇವನ್ನು ವಿಡಿಯೊ ಕರೆಗೆ ಕೂಡಿಸಬೇಡಿ, ನೇರ 108.

ಕಬ್ಬಿನ ಸೀಮೆಯಲ್ಲಿ ಹಾವಿನ ವಿಷಯಕ್ಕೆ ಪಿಎಚ್‌ಸಿಯನ್ನೇ ಗಟ್ಟಿ ಮಾಡಬೇಕು. ಆ್ಯಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಔಷಧ) ಮೊದಲ ಡೋಸ್‌ಗೇ ಸಾಮಾನ್ಯವಾಗಿ 10 ವಯಲ್ (ಸಣ್ಣ ಬಾಟಲಿ) ಬೇಕು, ಮಕ್ಕಳಿಗೂ ಅಷ್ಟೇ. ನಾಲ್ಕು ವಯಲ್ ಇಟ್ಟುಕೊಂಡು ‘ದಾಸ್ತಾನು ಇದೆ’ ಎಂದು ಬರೆದರೆ ಇಲ್ಲದ್ದಕ್ಕೆ ಸಮ. ಆ ಔಷಧಕ್ಕೆ ಅಲರ್ಜಿ ರಿಯಾಕ್ಷನ್ ಆದರೆ ಕೊಡಲು ಪಕ್ಕದಲ್ಲಿ ಅಡ್ರಿನಲಿನ್ ಇರಲೇಬೇಕು. ರಿಯಾಕ್ಷನ್ ಭಯಕ್ಕೇ ಎಷ್ಟೋ ಕಡೆ ಔಷಧ ಕೊಡದೆ ಮುಂದಕ್ಕೆ ಕಳಿಸುತ್ತಾರೆ, ದಾರಿಯಲ್ಲಿ ಹೊತ್ತು ಹೋಗುತ್ತದೆ. ವಿಷದಿಂದ ರಕ್ತ ಕೆಟ್ಟಿದೆಯೇ ಎಂದು ನೋಡುವ, ರಕ್ತ ಹೆಪ್ಪುಗಟ್ಟುವ 20 ನಿಮಿಷದ ಪರೀಕ್ಷೆಗೆ ಒಣಗಿದ, ಹೊಸ ಗಾಜಿನ ಟ್ಯೂಬ್ ಬೇಕು. ಪ್ಲಾಸ್ಟಿಕ್ಕಿನಲ್ಲಿ, ಸೋಪಿನಲ್ಲಿ ತೊಳೆದದ್ದರಲ್ಲಿ ಫಲಿತಾಂಶ ತಪ್ಪು ಬರುತ್ತದೆ. ರಕ್ತ ಹೆಪ್ಪುಗಟ್ಟಿದರೂ ರೆಪ್ಪೆ ಜೋಲುತ್ತಿದ್ದರೆ ನಾಗರ ಅಥವಾ ಕಟ್ಟು ಹಾವಿನ ವಿಷ ಇರಬಹುದು, ಬಿಡುವಂತಿಲ್ಲ. ರಾಜ್ಯದಲ್ಲಿ 2024ರಿಂದ ಹಾವು ಕಡಿತವನ್ನು ವರದಿ ಮಾಡುವುದು ಕಡ್ಡಾಯ. ಹಾಗಾಗಿ ನಿಮ್ಮ ಕೇಂದ್ರದ ಪ್ರಕರಣಗಳ ಲೆಕ್ಕ ಕೇಳಿ, ದಾಸ್ತಾನಿನ ಜೊತೆ ಹೋಲಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಶರಣ್ರಿ. ಇನ್ನೊಂದು: ಕಬ್ಬು ಕಡಿಯಾಕ ಮಹಾರಾಷ್ಟ್ರಕ್ಕ ಹೋಗೂ ಗ್ಯಾಂಗಿನವ್ರ ಗುಳಿಗಿ?

ಸಮುದಾಯ ಆರೋಗ್ಯ ಅಧಿಕಾರಿ, ಬೀಳಗಿ ಕಡೆ

ದೀಪಾವಳಿ ಹೊತ್ತಿಗೆ ಗ್ಯಾಂಗ್ ಹೊರಡುತ್ತವೆ. ದಸರೆಗೆ ಮೊದಲೇ ಆಶಾ ಅವರಿಂದ ಪಟ್ಟಿ ಮಾಡಿಸಿ, ಹಬ್ ಡಾಕ್ಟರ್ ಒಪ್ಪಿದರೆ ಎರಡು ತಿಂಗಳದ್ದು ಕೊಟ್ಟುಕಳಿಸಿ. ಚೀಟಿಯಲ್ಲಿ ಕಂಪನಿ ಹೆಸರು ಬೇಡ. ಔಷಧದ ಮೂಲ ಹೆಸರು, ಡೋಸ್, ಕೊನೆಯ ಬಿಪಿ ಇಂಗ್ಲಿಷಿನಲ್ಲಿ ಬರೆಸಿ. ಅಲ್ಲಿನ ಸರ್ಕಾರಿ ದವಾಖಾನೆಯಲ್ಲಿ ಕನ್ನಡ ಚೀಟಿ ಓದುವವರು ಸಿಗುವುದಿಲ್ಲ.