ಇಲಿಬೋನಿನ ಸ್ಪ್ರಿಂಗ್ ಕಾರು 4 ಮೀಟರ್‌ಗೇ ನಿಲ್ಲುತ್ತಿದೆ, 10 ಮೀಟರ್ ಓಡಬೇಕು

ಪಿಯು ಪ್ರಾಜೆಕ್ಟ್:
ಹಿಂದೆ ಎರಡು ಸಿಡಿ ಚಕ್ರ (ವ್ಯಾಸ 12 ಸೆಂ.ಮೀ.), ಆಕ್ಸಲ್‌ಗೆ 6 ಮಿ.ಮೀ. ಸರಳು, ಬೋನಿನ ಕಂಬಿಗೆ ಕಟ್ಟಿದ ತೋಳು 12 ಸೆಂ.ಮೀ. ದಾರದ ಒಂದು ತುದಿ ತೋಳಿಗೆ, ಇನ್ನೊಂದು ಆಕ್ಸಲ್‌ಗೆ ಗಂಟು ಹಾಕಿದೆ. ಬಿಟ್ಟ ತಕ್ಷಣ ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತೆ, ಆಮೇಲೆ ಓಡಿ 4 ಮೀಟರ್ ಹತ್ತಿರ ಗಕ್ಕಂತ ನಿಲ್ಲುತ್ತೆ. ಎಡಕ್ಕೂ ಎಳೆಯುತ್ತೆ. ಇನ್ನೊಂದು ಸ್ಪ್ರಿಂಗ್ ಹಾಕಬೇಕಾ?

ಲ್ಯಾಬ್ ಮೇಷ್ಟ್ರು:
ಬೇಡ, ಬಲ ಹೆಚ್ಚಾದಷ್ಟೂ ಚಕ್ರ ಇನ್ನೂ ಜಾರುತ್ತೆ. ಲೆಕ್ಕ ನೋಡಿ. ತೋಳು 180 ಡಿಗ್ರಿ ಮಗುಚಿದಾಗ ಎಳೆಯುವ ದಾರ ಅದರ ಎರಡರಷ್ಟು, ಅಂದರೆ 24 ಸೆಂ.ಮೀ. ಆಕ್ಸಲ್ ಸುತ್ತಳತೆ 1.88 ಸೆಂ.ಮೀ., ಹಾಗಾಗಿ ಸುಮಾರು 12.7 ಸುತ್ತು. ಚಕ್ರದ ಸುತ್ತಳತೆ 37.7 ಸೆಂ.ಮೀ. ಒಟ್ಟು 4.8 ಮೀಟರ್. ಜಾರಿದ್ದು ಕಳೆದರೆ ನಿಮ್ಮ 4 ಮೀಟರ್ ಬಂತು.

ಗಕ್ಕಂತ ನಿಲ್ಲೋದಕ್ಕೆ ಕಾರಣ ಆ ಗಂಟು. ದಾರ ಪೂರ್ತಿ ಬಿಚ್ಚಿದ ಮೇಲೆ ಆಕ್ಸಲ್ ತಿರುಗುತ್ತಲೇ ಇರುತ್ತೆ, ದಾರ ಉಲ್ಟಾ ಸುತ್ತಿಕೊಂಡು ತೋಳನ್ನು ವಾಪಸ್ ಎಳೆಯುತ್ತೆ, ಅದೇ ಬ್ರೇಕ್. ಆಕ್ಸಲ್ ಮೇಲೆ ಗುಂಡುಪಿನ್ನಿನ ಚೂರನ್ನು ಎಂ-ಸೀಲ್‌ನಿಂದ ಕೊಕ್ಕೆಯಾಗಿ ಕೂರಿಸಿ, ದಾರದ ತುದಿಗೆ ಕುಣಿಕೆ ಮಾಡಿ ಸಿಕ್ಕಿಸಿ. ಕೊನೆಗೆ ತಾನೇ ಕಳಚಿಕೊಳ್ಳಬೇಕು.

ತೋಳು 25 ಸೆಂ.ಮೀ. ಮಾಡಿ. ಎಳೆತ ಅರ್ಧಕ್ಕೆ ಇಳಿಯುತ್ತೆ, ದೂರ 10 ಮೀಟರ್ ಆಗುತ್ತೆ. ದಾರ 48 ಸೆಂ.ಮೀ. ಸಾಕು, ಉಳಿದದ್ದನ್ನು ಕಾರು ವೇಗದಲ್ಲೇ ಉರುಳಿ ಮುಗಿಸುತ್ತೆ. ಸ್ಪ್ರಿಂಗ್ ಬಿಗಿದಾಗ ತೋಳಿನ ತುದಿ ಸರಿಯಾಗಿ ಹಿಂದಿನ ಆಕ್ಸಲ್ ಮೇಲೆ ಬರಬೇಕು, ಆದ್ದರಿಂದ ಬೋನನ್ನು ಮುಂದಕ್ಕೆ ಸರಿಸಿ. ದಾರ ಕಿತ್ತರೆ ತೋಳು ಜೋರಾಗಿ ಬೀಸುತ್ತೆ, ಮುಖ ದೂರ ಇರಲಿ.

ಪಿಯು ಪ್ರಾಜೆಕ್ಟ್:
ಬೋನು ಮುಂದಕ್ಕೆ ಹೋದರೆ ಹಿಂದಿನ ಚಕ್ರದ ಮೇಲೆ ಭಾರ ಕಮ್ಮಿಯಾಗಿ ಮತ್ತೆ ಜಾರಲ್ವಾ ಸರ್?

ಲ್ಯಾಬ್ ಮೇಷ್ಟ್ರು:
ಒಳ್ಳೆ ಪ್ರಶ್ನೆ. ಬಲೂನಿನ ನಡುವಿನಿಂದ ಉಂಗುರದಂತೆ ಪಟ್ಟಿ ಕತ್ತರಿಸಿ ಸಿಡಿ ಅಂಚಿಗೆ ಎಳೆದು ಹಾಕಿ. ಆಮೇಲೂ ಜಾರಿದರೆ ಹಿಂದಿನ ಆಕ್ಸಲ್ ಹತ್ತಿರ ಒಂದೊಂದೇ ನಾಣ್ಯ ಅಂಟಿಸಿ. ಜಾರೋದು ನಿಂತ ಮೇಲೆ ಇನ್ನೊಂದು ಬೇಡ, ಹೆಚ್ಚಿನ ಭಾರ ಬರೀ ಘರ್ಷಣೆಗೆ ಹೋಗುತ್ತೆ.

ಸಾಣೆಕಲ್ಲು:
ಎಡಕ್ಕೆ ಎಳೆಯೋದು ಆಕ್ಸಲ್‌ಗಳು ಸಮಾಂತರ ಇಲ್ಲದ್ದರಿಂದ. ಎರಡು ಆಕ್ಸಲ್‌ಗಳ ಅಂತರವನ್ನು ಎಡಬದಿಯಲ್ಲೂ ಬಲಬದಿಯಲ್ಲೂ ಅಳೆಯಿರಿ. ಅಂತರ 25 ಸೆಂ.ಮೀ., ಅಗಲ 10 ಸೆಂ.ಮೀ. ಇರುವ ಕಾರಿನಲ್ಲಿ 1 ಮಿ.ಮೀ. ವ್ಯತ್ಯಾಸ ಇದ್ದರೂ 10 ಮೀಟರ್‌ಗೆ ಸುಮಾರು 2 ಮೀಟರ್ ಪಕ್ಕಕ್ಕೆ ಹೋಗುತ್ತೆ. ಮುಂದಿನ ಆಕ್ಸಲ್ ಹಿಡಿದಿರುವ ಸ್ಟ್ರಾವನ್ನು ಮೊದಲು ಟೇಪಿನಿಂದ ಮಾತ್ರ ಹಚ್ಚಿ, ಓಡಿಸಿ ಸರಿ ಮಾಡಿಕೊಂಡ ಮೇಲೆ ಗಮ್ ಹಾಕಿ.

ರಿಪೋರ್ಟ್‌ಗೂ ಒಂದು ಮಾತು. ಬೋನು ಮುಚ್ಚಿದ್ದಾಗಲೂ ಸ್ಪ್ರಿಂಗ್ ಬಿಗಿಯಾಗೇ ಇರುತ್ತೆ, ಟಾರ್ಕ್ (ತೋಳನ್ನು ತಿರುಗಿಸುವ ಪ್ರಭಾವ, ಅಂದರೆ ಬಲ ಗುಣಿಸು ತೋಳಿನ ಉದ್ದ) ಸೊನ್ನೆಯಿಂದ ಶುರುವಾಗಲ್ಲ. ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ತೋಳಿಗೆ ಲಂಬವಾಗಿ ಎಳೆದು ಪ್ರತಿ 30 ಡಿಗ್ರಿಗೆ ಬಲ ಬರೆದುಕೊಳ್ಳಿ. ಅದನ್ನು ತೋಳಿನ ಉದ್ದ 0.25 ಮೀಟರ್‌ನಿಂದ ಗುಣಿಸಿ ಕೋನದ ಎದುರು ಗ್ರಾಫ್ ಹಾಕಿದರೆ ಗೆರೆಯ ಕೆಳಗಿನ ವಿಸ್ತೀರ್ಣವೇ ಶಕ್ತಿ. ಉದಾಹರಣೆಗೆ ಶುರುವಿನಲ್ಲಿ 1 ನ್ಯೂಟನ್, ಕೊನೆಗೆ 2 ನ್ಯೂಟನ್ ಬಂದು ಗೆರೆ ನೇರವಾಗಿದ್ದರೆ ಸುಮಾರು 1.2 ಜೂಲ್. ಕೋನ ರೇಡಿಯನ್‌ನಲ್ಲಿರಲಿ, ಡಿಗ್ರಿಯಲ್ಲೇ ಬಿಟ್ಟರೆ ಉತ್ತರ 57 ಪಟ್ಟು ತಪ್ಪುತ್ತೆ.