ಪದಚರ್ಚೆ: ಮೊಬೈಲ್ ಹೋಮ್ ರಿಪೇರಿಯ ಮಾತುಗಳು – ಸ್ಕರ್ಟಿಂಗ್, ಬೆಲ್ಲಿ, ಇನ್ಸುಲೇಷನ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕಾರ್ಖಾನೆಯಲ್ಲಿ ಕಟ್ಟಿ ಜಾಗಕ್ಕೆ ಎಳೆದು ತರುವ ಅಮೆರಿಕದ ಮೊಬೈಲ್ ಹೋಮ್‌ಗಳನ್ನು ನಾವೇ ರಿಪೇರಿ ಮಾಡಿಕೊಳ್ಳುವುದು ಹೇಗೆ, ಚಳಿಗಾಲದ ಗ್ಯಾಸ್ ಬಿಲ್ಲು, ಬೇಸಿಗೆಯ ಕರೆಂಟ್ ಬಿಲ್ಲು ಇಳಿಸುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಸನಿವೇಲ್ ಕಡೆ ಇಂಥ ಮನೆಗಳ ಬಡಾವಣೆಗಳು ಹಲವಿವೆ, ಇಲ್ಲಿಯವರು ಅವಕ್ಕೆ ಪಾರ್ಕು ಅಂತಾರೆ. ಮಾಮೂಲಿ ಮನೆಯ ಬೆಲೆ ಕೈಗೆಟುಕದೆ ಇಲ್ಲಿ ಮನೆ ಮಾಡಿಕೊಂಡ ಕನ್ನಡದವರು ನನಗೆ ಗೊತ್ತು. ಊರಿನಿಂದ ಅಪ್ಪನೋ ಮಾವನೋ ಬಂದು ಕೆಲವು ತಿಂಗಳು ಇರುತ್ತಾರೆ. ಮರಗೆಲಸ, ನಲ್ಲಿ ಕೆಲಸ ಅವರಿಗೆ ಚೆನ್ನಾಗಿ ಗೊತ್ತು, ಸುಮ್ನೆ ಕೂರುವುದು ಬೇಸರ. ಇಂಗ್ಲಿಷಿನ ಕೈಪಿಡಿ ಮಾತ್ರ ಅವರಿಗೆ ಒಗ್ಗುವುದಿಲ್ಲ. ನಾನು ಬರೆಯುತ್ತಿರುವುದು ಅವರಿಗಾಗಿ. ಹಾಗಾಗಿ ಓದಿದ ತಕ್ಷಣ ಯಾವ ಭಾಗ, ಎಲ್ಲಿದೆ, ಎಲ್ಲಿ ಕೈ ಹಾಕಬೇಕು ಅಂತ ತಿಳಿಯುವ ಪದಗಳು ಬೇಕು. ಬಡಗಿ, ಮೇಸ್ತ್ರಿ, ಗಾಡಿ ಮಾಡುವವರು ಆಡುವ ಮಾತಿನಲ್ಲೇ ಇವು ಸಿಗಬೇಕು ಅನ್ನುವುದು ನನ್ನ ನಂಬಿಕೆ. ತೊಡಕಾದ ಕಡೆ ನಿಮ್ಮನ್ನು ಕೇಳುತ್ತಿದ್ದೇನೆ.

ಮನೆಯ ಹೆಸರಿನಲ್ಲೇ ತೊಡಕು ಶುರು. ನಮ್ಮಲ್ಲಿ ಮೊಬೈಲ್ ಅಂದರೆ ಫೋನು. ‘ಮೊಬೈಲ್ ಹೋಮ್ ರಿಪೇರಿ’ ಅಂತ ಬರೆದರೆ ಫೋನಿನ ಹೋಮ್ ಬಟನ್ ರಿಪೇರಿ ಅಂತಲೇ ಓದಿಕೊಳ್ಳುತ್ತಾರೆ. ‘ಸಂಚಾರಿ ಮನೆ’ ಅಂದರೆ ಸಂಚಾರಿ ಆಸ್ಪತ್ರೆಯ ಹಾಗೆ ಊರೂರು ಸುತ್ತುವಂಥದ್ದು ಅನಿಸುತ್ತದೆ. ಈ ಮನೆ ಹಾಗಲ್ಲ. ಕಾರ್ಖಾನೆಯಲ್ಲಿ ಕಬ್ಬಿಣದ ತೊಲೆಗಳ ಮೇಲೆ ಕಟ್ಟಿ, ಗಾಲಿ ಹಾಕಿ, ಲಾರಿಗೆ ಸಿಕ್ಕಿಸಿ ಎಳೆದು ತರುತ್ತಾರೆ. ಕಾಂಕ್ರೀಟ್ ಬ್ಲಾಕುಗಳ ಮೇಲೆ ಕೂರಿಸಿದ ಮೇಲೆ ಸಾಮಾನ್ಯವಾಗಿ ಅಲ್ಲಿಂದ ಕದಲುವುದಿಲ್ಲ.

ಅಮೆರಿಕದ ಕಾನೂನಿನಲ್ಲೂ ಹೆಸರು ಬದಲಾಗಿದೆ. 1974ರ ಕಾಯ್ದೆಯಂತೆ ಮಾಡಿದ ಕೇಂದ್ರದ ಕಟ್ಟಡ ನಿಯಮ 1976ರ ಜೂನ್ 15ರಿಂದ ಜಾರಿಗೆ ಬಂತು. ಅದಕ್ಕೆ ಮೊದಲಿನವು ಮೊಬೈಲ್ ಹೋಮ್, ಆಮೇಲಿನವು ಮ್ಯಾನುಫ್ಯಾಕ್ಚರ್ಡ್ ಹೋಮ್. ಆಮೇಲಿನವಕ್ಕೆ ಹೊರಗೋಡೆಯ ಮೇಲೆ ಕೆಂಪು ಲೋಹದ ಸಣ್ಣ ಫಲಕ ಬಡಿದಿರುತ್ತದೆ. ರಿಪೇರಿ ಮಾಡುವವರು ಮೊದಲು ಅದನ್ನು ಹುಡುಕಬೇಕು, ಯಾಕೆಂದರೆ ಹಳೆಯ ಮನೆಗಳ ಗೋಡೆ, ವೈರಿಂಗ್ ಬೇರೆ ಥರ. ನಾನು ಸದ್ಯಕ್ಕೆ ಎರಡಕ್ಕೂ ‘ಗಾಲಿಮನೆ’ ಅಂತಲೇ ಬರೆಯುತ್ತಿದ್ದೇನೆ. ಓದಿದರೆ ನಿಮಗೆ ಸಿನಿಮಾದವರ ಕಾರವಾನ್ ಕಣ್ಣಿಗೆ ಬರುತ್ತದಾ? ಹಾಗಾದರೆ ಬದಲಿಸಬೇಕು.

ಗಾಡಿಯ ಭಾಗಗಳಿಗೆ ಮಾತ್ರ ಯೋಚನೆ ಮಾಡಬೇಕಾಗಲೇ ಇಲ್ಲ. ಎಳೆಯಲು ಮುಂದೆ ಚಾಚಿರುವ ಕಬ್ಬಿಣಕ್ಕೆ ‘ಮೂಕಿ’, ಗಾಲಿ ಸೇರಿಸುವುದಕ್ಕೆ ‘ಅಚ್ಚು’. ಎತ್ತಿನ ಗಾಡಿ ನೋಡಿದವರಿಗೆ ಬೇರೆ ವಿವರಣೆ ಬೇಡ. ಮನೆಯ ಅಗಲಕ್ಕೂ ಒಂದು ಒಳ್ಳೇ ಪದ ಸಿಕ್ಕಿತು. ಇಲ್ಲಿ ಸಿಂಗಲ್ ವೈಡ್, ಡಬಲ್ ವೈಡ್ ಅಂತಾರೆ. ಎರಡನೆಯದು ಎರಡು ಭಾಗವಾಗಿ ಬಂದು ಜಾಗದಲ್ಲಿ ಒಂದಾಗುವ ಮನೆ. ‘ಜೋಡಿಮನೆ’ ಅಂದರೆ ಅಕ್ಕಪಕ್ಕದ ಎರಡು ಮನೆ ಅಂತಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಮೂರಂಕಣದ ಮನೆ, ಐದಂಕಣದ ಮನೆ ಅಂತೀವಲ್ಲ, ಹಾಗೆ ‘ಒಂದಂಕಣ’, ‘ಎರಡಂಕಣ’ ಅಂದರೆ ಹೇಗೆ? ಅಂಕಣ ಅಂದರೆ ಕಂಬದ ಸಾಲುಗಳ ನಡುವಿನ ಜಾಗ, ಇಲ್ಲಿ ನಡುವೆ ಕಂಬಸಾಲು ಇರುವುದಿಲ್ಲ. ಅಷ್ಟು ಸಡಿಲ ಬಿಡಬಹುದು ಅಂತ ನನಗನಿಸುತ್ತದೆ. ಆ ಎರಡು ಭಾಗ ಕೂಡುವ ಗೆರೆಗೆ ಇವರು ‘ಮದುವೆ ಗೆರೆ’ ಅಂತಾರೆ. ಕನ್ನಡಕ್ಕೆ ಅದು ಬೇಡ, ‘ಕೂಡುಸಂದು’ ಸಾಕು. ಚಳಿಗಾಲದಲ್ಲಿ ಆ ಸಂದಿನ ಉದ್ದಕ್ಕೂ ಕೈ ಆಡಿಸಿದರೆ ಗಾಳಿ ನುಗ್ಗುವುದು ತಿಳಿಯುತ್ತದೆ. ಬಿಲ್ಲು ಇಳಿಸುವ ಕೆಲಸದಲ್ಲಿ ಮೊದಲು ನೋಡಬೇಕಾದ ಜಾಗಗಳಲ್ಲಿ ಅದೂ ಒಂದು.

ಇನ್ನು ‘ಸ್ಕರ್ಟಿಂಗ್’. ಈ ಪದ ಕನ್ನಡದ ಮೇಸ್ತ್ರಿಗಳ ಬಾಯಲ್ಲಿ ಆಗಲೇ ಇದೆ, ಆದರೆ ಅರ್ಥ ಬೇರೆ. ಬೆಂಗಳೂರಿನಲ್ಲಿ ಸ್ಕರ್ಟಿಂಗ್ ಅಂದರೆ ಮನೆ ಒಳಗೆ, ಗೋಡೆಯ ಬುಡಕ್ಕೆ ಅಂಟಿಸುವ ಟೈಲ್ಸ್ ಪಟ್ಟಿ. ಇಲ್ಲಿ ಅದು ಮನೆಯ ಹೊರಗೆ, ನೆಲಮಟ್ಟಕ್ಕೂ ಮನೆಗೂ ನಡುವಿನ ಖಾಲಿ ಜಾಗವನ್ನು ಸುತ್ತಲೂ ಮುಚ್ಚುವ ಹಾಳೆ. ಹೆಚ್ಚಾಗಿ ವಿನೈಲ್‌ನದು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವುದರಿಂದ ಬಿಗಿಯಾಗಿ ಮೊಳೆ ಹೊಡೆಯಬಾರದು, ಸ್ವಲ್ಪ ಆಡಲು ಬಿಡಬೇಕು. ತೇವ ಹೊರಹೋಗಲು ಅಲ್ಲಲ್ಲಿ ಗಾಳಿಕಿಂಡಿಯೂ ಬೇಕು. ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಎರಚಲು ತಡೆಯಲು ಜಗಲಿಗೆ, ಮಣ್ಣಿನ ಗೋಡೆಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರಲ್ಲ, ಆ ‘ತಟ್ಟಿ’ಯೇ ನನಗೆ ಹತ್ತಿರ ಅನಿಸಿತು. ‘ಸುತ್ತುತಟ್ಟಿ’ ಅನ್ನೋಣವೇ? ತಟ್ಟಿ ಅಂದಾಗ ‘ಕಟ್ಟುವುದು, ಬಿಚ್ಚುವುದು’ ಅನ್ನುವ ಭಾವ ಬರುತ್ತದೆ. ಮನೆಯಡಿಗೆ ನುಸುಳಬೇಕಾದಾಗ ಇದನ್ನು ಬಿಚ್ಚಲೇಬೇಕು, ಆದ್ದರಿಂದ ಆ ಭಾವ ಇರುವುದು ಒಳ್ಳೆಯದು. ‘ಬುಡಮರೆ’ ಅಂತಲೂ ಯೋಚಿಸಿದ್ದೆ. ಯಾವುದು ಮೇಲು?

ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನುತ್ತಿರುವುದು ಮನೆಯ ತಳ. ಇಲ್ಲಿಯವರು ‘ಬೆಲ್ಲಿ’ ಅನ್ನುತ್ತಾರೆ. ಅದು ಹೇಗಿರುತ್ತದೆ ಅಂದರೆ: ನೀವು ನಡೆಯುವ ಹಲಗೆ, ಅದರ ಕೆಳಗೆ ಜಂತೆಗಳು. ಜಂತೆಗಳ ನಡುವೆ ಗಾಜುನಾರಿನ ಮೆತ್ತೆ, ನೀರಿನ ಪೈಪು, ಬಿಸಿಗಾಳಿಯ ತಗಡಿನ ಕೊಳವೆ. ಇದೆಲ್ಲವನ್ನೂ ಕೆಳಗಿನಿಂದ ಹಿಡಿದಿಡುವ ಒಂದು ಕಪ್ಪು ನೇಯ್ಗೆಯ ಪ್ಲಾಸ್ಟಿಕ್ ಹಾಳೆ. ಪೈಪು ಸೋರಿದಾಗ ಯಾರೋ ಹಾಳೆ ಕೊಯ್ದು ಕೆಲಸ ಮಾಡಿ ಹಾಗೇ ಬಿಟ್ಟು ಹೋಗುತ್ತಾರೆ. ಇಲ್ಲವೇ ಇಲಿ ಹರಿಯುತ್ತದೆ. ಮೆತ್ತೆ ನೆಂದು ಜೋತುಬೀಳುತ್ತದೆ. ಕೊಳವೆ ಸೋರುತ್ತಿದ್ದರೆ ದುಡ್ಡು ಕೊಟ್ಟು ಕಾಯಿಸಿದ ಗಾಳಿ ಮನೆಯಡಿಯ ಮಣ್ಣಿಗೆ ಹೋಗುತ್ತದೆ. ಎರಡಂಕಣದ ಮನೆಯಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ಬಿಸಿಗಾಳಿ ಒಯ್ಯುವ ದಪ್ಪ ಮೆದುಕೊಳವೆ ಕಳಚಿ ನೆಲದ ಮೇಲೆ ಬಿದ್ದಿರುವುದೂ ಉಂಟು. ಆಗ ಅರ್ಧ ಮನೆ ಬೆಚ್ಚಗೆ, ಅರ್ಧ ಮನೆ ತಣ್ಣಗೆ. ಹೊಸ ಕಿಟಕಿಗೆ ದುಡ್ಡು ಹಾಕುವ ಮೊದಲು ಟಾರ್ಚ್ ಹಿಡಿದು ಇಲ್ಲಿ ನೋಡಿ ಅಂತ ನಾನು ಒತ್ತಿ ಹೇಳಬೇಕಾಗಿದೆ. ಹೇಳುವುದು ಯಾವ ಪದದಲ್ಲಿ?

‘ಹೊಟ್ಟೆ’ ಅಂದರೆ ಕೆಡುತ್ತದೆ. ಮೇಸ್ತ್ರಿಗಳು ‘ಗೋಡೆ ಹೊಟ್ಟೆ ಬಿಟ್ಟಿದೆ’ ಅನ್ನುವುದು ಉಬ್ಬಿದಾಗ. ಭಾಗದ ಹೆಸರೂ ಅದೇ, ದೋಷದ ಹೆಸರೂ ಅದೇ ಆಗಿಬಿಡುತ್ತದೆ. ‘ನೆಲದಡಿ’ ಇನ್ನೂ ಕಷ್ಟ. ಕನ್ನಡದಲ್ಲಿ ನೆಲ ಅಂದರೆ ಮನೆ ಒಳಗಿನದೂ ಹೌದು, ಭೂಮಿಯೂ ಹೌದು. ‘ನೆಲದಡಿಯ ಪೈಪು’ ಅಂದರೆ ಮಣ್ಣಲ್ಲಿ ಹೂತದ್ದು ಅಂತಲೇ ಅರ್ಥ. ನಮ್ಮ ಮನೆಗಳಲ್ಲಿ ಎರಡೂ ಒಂದೇ ಕಡೆ ಇರುವುದರಿಂದ ಬೇರೆ ಪದದ ಅಗತ್ಯವೇ ಬರಲಿಲ್ಲ. ಈ ಮನೆಯಲ್ಲಿ ಎರಡರ ನಡುವೆ ಒಬ್ಬ ಮನುಷ್ಯ ತೆವಳುವಷ್ಟು ಜಾಗ ಇದೆ. ಹಾಗಾಗಿ ಮೂರು ಪದ ಮಾಡಿಕೊಂಡೆ: ಹಲಗೆಗೂ ಹಾಳೆಗೂ ನಡುವಿನದು ‘ಹಲಗೆಯಡಿ’, ಹಾಳೆಯೇ ‘ತಳಹೊದಿಕೆ’, ಅದರ ಕೆಳಗೆ ತೆವಳುವ ಜಾಗ ‘ಮನೆಯಡಿ’. ಹರಿದ ಹೊದಿಕೆಗೆ ‘ತೇಪೆ’ ಹಚ್ಚುವುದು ಅನ್ನುವುದಂತೂ ನಮ್ಮದೇ ಮಾತು. ಕರಡಿನಲ್ಲಿ ಹೀಗಿದೆ:

“ಒದ್ದೆಯಾದ ಮೆತ್ತೆ ತೆಗೆದು ಎಸೆಯಿರಿ. ಸೋರಿಕೆ ನಿಂತಿದೆಯೇ ನೋಡಿ, ಹಲಗೆಯಡಿ ಪೂರ್ತಿ ಒಣಗಲು ಬಿಡಿ. ಹೊಸ ಮೆತ್ತೆ ತುಂಬಿ, ತೂತಿಗಿಂತ ದೊಡ್ಡ ತೇಪೆ ಕತ್ತರಿಸಿ, ಅಂಚಿಗೆಲ್ಲ ಅಂಟು ಹಚ್ಚಿ ತಳಹೊದಿಕೆಗೆ ಒತ್ತಿ, ಆಮೇಲೆ ಪಿನ್ ಹೊಡೆಯಿರಿ.”

ಓದಿದರೆ ಕೆಲಸ ಕಣ್ಣಿಗೆ ಕಟ್ಟುತ್ತದಾ? ಹೊರಗಿನವರ ಕಿವಿಗೆ ಹೇಗೆ ಕೇಳಿಸುತ್ತದೆ ಅಂತ ನನಗೆ ಬೇಕು.

‘ಇನ್ಸುಲೇಷನ್’, ಅಂದರೆ ಕಾವು ದಾಟದಂತೆ ತಡೆಯುವ ಮೆತ್ತೆ, ಅದರ ವಿಚಾರದಲ್ಲಿ ಅಪಾಯವೂ ಇದೆ. ನಮ್ಮಲ್ಲಿ ಇನ್ಸುಲೇಷನ್ ಟೇಪ್ ಅಂದರೆ ವೈರಿಗೆ ಸುತ್ತುವ ಕಪ್ಪು ಟೇಪ್. ‘ಪೈಪಿಗೆ ಇನ್ಸುಲೇಷನ್ ಸುತ್ತಿ’ ಅಂತ ಓದಿದವರು ಅದನ್ನೇ ಸುತ್ತಿದರೆ ತಪ್ಪು ಅವರದಲ್ಲ, ಬರೆದವನದು. ಪಠ್ಯಪುಸ್ತಕದ ‘ಉಷ್ಣ ನಿರೋಧಕ’ ಅರ್ಥದಲ್ಲಿ ಸರಿ, ಬಾಯಲ್ಲಿ ಬರುವುದಿಲ್ಲ. ‘ಬೆಚ್ಚನೆ ಹೊದಿಕೆ’ ಅಂದರೆ ಬೇಸಿಗೆಯಲ್ಲಿ ಸೆಕೆ ಮಾಡುತ್ತದೆ ಅನಿಸುತ್ತದೆ. ನಿಜವಾಗಿ ಅದು ಬೇಸಿಗೆಯಲ್ಲಿ ಮಾಡಿನ ಬಿಸಿಯನ್ನೂ ತಡೆಯುತ್ತದೆ. ‘ಕಾವುತಡೆ’ ಎರಡಕ್ಕೂ ಹೊಂದುತ್ತದೆ ಅಂತ ಇಟ್ಟುಕೊಂಡಿದ್ದೇನೆ.

ಇದೇ ಸಾಲಿಗೆ ‘ಹೀಟ್ ಟೇಪ್’. ಹೆಸರಿಗೆ ಟೇಪ್, ವಸ್ತು ಮಾತ್ರ ಕರೆಂಟ್ ಹರಿಯುವ ತಂತಿ. ಪೈಪಿನ ನೀರು ಹೆಪ್ಪುಗಟ್ಟದಂತೆ ಕಾಯಿಸುತ್ತದೆ. ಹಳೆಯ ಬಗೆಯದನ್ನು ಒಂದರ ಮೇಲೊಂದು ಸುತ್ತಿದರೆ ಅತಿಯಾಗಿ ಕಾದು ಬೆಂಕಿ ಹತ್ತಬಹುದು. ಆದ್ದರಿಂದ ‘ಟೇಪ್’ ಅನ್ನುವುದನ್ನು ಬಿಟ್ಟು ‘ಕಾವಿನ ತಂತಿ’ ಅಂತಲೇ ಬರೆಯುವುದು ಅಂತ ತೀರ್ಮಾನಿಸಿದ್ದೇನೆ. ಇದರಲ್ಲಿ ರಾಜಿ ಇಲ್ಲ. ‘ಡಕ್ಟ್ ಟೇಪ್’ ಹೆಸರೂ ದಾರಿ ತಪ್ಪಿಸುತ್ತದೆ. ಡಕ್ಟ್ ಅಂದರೆ ಗಾಳಿಕೊಳವೆ, ಆದರೆ ಕೊಳವೆಗೇ ಅದು ಆಗುವುದಿಲ್ಲ. ಬಟ್ಟೆಯ ಆ ಟೇಪು ಬಿಸಿಗಾಳಿ ಕೊಳವೆಯ ಸಂದಿಯಲ್ಲಿ ಬಾಳುವುದಿಲ್ಲ ಅಂತ 1998ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಪರೀಕ್ಷೆ ಮಾಡಿ ತೋರಿಸಿದರು. ಕೊಳವೆಗೆ ಬೇಕಾದದ್ದು ಬ್ರಷ್ಷಿನಲ್ಲಿ ಬಳಿಯುವ ಮಾಸ್ಟಿಕ್. ಅದಕ್ಕೆ ‘ಬಳಿಯುವ ಅಂಟು’ ಅಂದಿದ್ದೇನೆ, ಸಾಕಲ್ವಾ?

ಮನೆ ಒಂದು ಕಡೆ ಕುಸಿದು ಬಾಗಿಲು ಹಿಡಿಯುವಾಗ ಮಟ್ಟ ಮಾಡುವ ಅಧ್ಯಾಯ ಸಲೀಸಾಗಿ ಬಂತು. ಮಟ್ಟ, ರಸಮಟ್ಟ, ಬೆಣೆ, ಜಾಕ್ ಎಲ್ಲ ಇದ್ದವೇ. ಮೇಸ್ತ್ರಿಗಳು ನೀರು ತುಂಬಿದ ಪಾರದರ್ಶಕ ಪೈಪಿನಲ್ಲಿ ಮಟ್ಟ ನೋಡುವ ‘ಟ್ಯೂಬ್ ಲೆವೆಲ್’ ಇಲ್ಲೂ ಇದೇ ಕೆಲಸಕ್ಕೆ ಬಳಕೆಯಲ್ಲಿದೆ. ಬರೀ ಜಾಕ್ ಮೇಲೆ ನಿಂತ ಮನೆಯಡಿಗೆ ಹೋಗಬೇಡಿ, ಪಕ್ಕದಲ್ಲಿ ಬ್ಲಾಕು ಪೇರಿಸಿ ಅನ್ನುವ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ಕೊನೆಯದು ‘ಕಾಕಿಂಗ್’, ಅಂದರೆ ಗಾಳಿ, ನೀರು ನುಗ್ಗದಂತೆ ಸಂದು ತುಂಬಿ ಮುಚ್ಚುವುದು. ಕಿಟಕಿಯ ಚೌಕಟ್ಟು, ಮಾಡಿನ ಅಂಚು, ಕೂಡುಸಂದು, ಎಲ್ಲ ಕಡೆ ಬೇಕಾಗುವ ಕೆಲಸ. ಬೆಂಗಳೂರಿನಲ್ಲಿ ‘ಸಿಲಿಕಾನ್ ಹೊಡೆಯೋದು’ ಅಂತಾರೆ, ಆದರೆ ಎಲ್ಲ ಕಡೆ ಸಿಲಿಕಾನ್ ಆಗುವುದಿಲ್ಲ. ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ‘ಮೆತ್ತುವುದು’ ಅಂದರೆ ಮಣ್ಣು, ಗಾರೆ ಮೆತ್ತಿದಂತೆ ದಪ್ಪಗೆ ಅನಿಸುತ್ತದೆ. ಇಲ್ಲಿ ಬೇಕಾದದ್ದು ಸಂದಿನೊಳಕ್ಕೆ ಇಳಿಯುವ ತೆಳುವಾದ ಎಳೆ. ಮರದ ದೋಣಿಯ ಹಲಗೆ ಸಂದಿಗೆ ಹತ್ತಿ ತುರುಕಿ ನೀರು ಬಾರದಂತೆ ಮಾಡುವುದೂ ಇದೇ ಕೆಲಸ. ಮಲ್ಪೆ, ಗಂಗೊಳ್ಳಿ, ಹೊನ್ನಾವರ ಕಡೆಯವರು ಈ ಗುಂಪಿನಲ್ಲಿದ್ದೀರಿ. ದೋಣಿ ರಿಪೇರಿ ಮಾಡುವವರು ಇದಕ್ಕೆ ಯಾವ ಕ್ರಿಯಾಪದ ಬಳಸುತ್ತಾರೆ ಅಂತ ದಯವಿಟ್ಟು ವಿಚಾರಿಸಿ ಬರೆಯಿರಿ. ಅವರು ಹೇಳಿದ ಹಾಗೇ, ಉಚ್ಚಾರಣೆ ತಿದ್ದದೆ, ಯಾವ ಊರಿನ ಮಾತು ಅನ್ನುವುದನ್ನೂ ಸೇರಿಸಿ ಕೊಟ್ಟರೆ ಉಪಕಾರ.