ಮೂರು ಮಕ್ಕಳು, ಮೂರು ವಯಸ್ಸು, ಒಬ್ಬಳೇ ಆಯಿ (ಅಮ್ಮ): ಹೋಮ್‌ಸ್ಕೂಲ್ ದಿನವನ್ನು ಹೇಗೆ ಹೊಂದಿಸುತ್ತೀರಿ?

ತೋಟದಮನೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಕೇಳಲೇಬೇಕು ಅನ್ನಿಸಿತು.

ನಮ್ಮದು ಶಿರಸಿ ಕಡೆ ಅಡಿಕೆ ತೋಟದ ಮನೆ. ದೊಡ್ಡವಳಿಗೆ 12, ನಡುವಿನವನಿಗೆ 9, ಪುಟ್ಟಿಗೆ 5. ಹೋದ ವರ್ಷದ ಜೂನ್‌ನಿಂದ ಮನೆಯಲ್ಲೇ ಕಲಿಸುತ್ತಿದ್ದೇವೆ. ಶಾಲೆ ಯಾಕೆ ಬಿಡಿಸಿದಿರಿ ಅನ್ನೋ ಚರ್ಚೆ ಇಲ್ಲಿ ಬೇಡ. ಅದನ್ನು ನೆಂಟರ ಪ್ರತಿ ಮದುವೆಯಲ್ಲೂ, ಊಟದ ಪಂಕ್ತಿಯಲ್ಲಿ ಕೂತು ಮಾಡಿ ಮುಗಿಸಿದ್ದೇನೆ.

ಈ ಜೂನ್‌ನಲ್ಲಿ ಹುರುಪಿನಿಂದ ಒಂದು ವೇಳಾಪಟ್ಟಿ ಮಾಡಿದೆ. ದೊಡ್ಡ ಡ್ರಾಯಿಂಗ್ ಶೀಟ್, ಮೂರು ಬಣ್ಣದ ಸ್ಕೆಚ್ ಪೆನ್ನು, ಮೂರು ಸಾಲು. ಒಂಬತ್ತೂವರೆಯಿಂದ ಒಂದು ಗಂಟೆವರೆಗೆ 40 ನಿಮಿಷದ ಪೀರಿಯಡ್‌ಗಳು. ನೋಡೋಕೆ ಬಹಳ ಚೆಂದ ಇತ್ತು. ಹನ್ನೊಂದು ದಿನ ಬಾಳಿತು.

ಕಳೆದ ಮಂಗಳವಾರದ್ದೇ ಹೇಳುತ್ತೇನೆ. ಹತ್ತು ಗಂಟೆ. ಪಟ್ಟಿ ಪ್ರಕಾರ ದೊಡ್ಡವಳಿಗೆ ಬೀಜಗಣಿತ, ನಡುವಿನವನಿಗೆ ಭಿನ್ನರಾಶಿ, ಪುಟ್ಟಿಗೆ ಅಕ್ಷರ. ಎಕ್ಸ್ ಜೊತೆ ಕೂಡಿಸಿರುವ ಸಂಖ್ಯೆ ಸಮೀಕರಣದ ಆ ಕಡೆಗೆ ಹೋದಾಗ ಚಿಹ್ನೆ ಯಾಕೆ ಬದಲಾಗುತ್ತದೆ ಅಂತ ದೊಡ್ಡವಳು ಕೇಳಿದಳು. ಒಳ್ಳೆಯ ಪ್ರಶ್ನೆ, ಹೇಳುತ್ತಾ ಕೂತೆ. ಪುಟ್ಟಿ 'ಅ' ತಿದ್ದಿ ತಿದ್ದಿ ಬೇಜಾರಾಗಿ ಕೊಟ್ಟಿಗೆಗೆ ಹೋಗಿ ಕರುವಿನ ಬಾಯಿಗೆ ಬಳಪ ಇಟ್ಟಳು. ನಾನು ಓಡಿದೆ. ಬಳಪ ಸಿಕ್ಕಿತು, ಅರ್ಧ. ಅಷ್ಟರಲ್ಲಿ ಕುಕ್ಕರ್ ಕೂಗಿತು. ಎಲ್ಲಾ ಮುಗಿಸಿ ತಿರುಗಿದರೆ ನಡುವಿನವನು ಅಡುಗೆಮನೆ ಹೊಸ್ತಿಲ ಮೇಲೆ ಕೂತಿದ್ದಾನೆ. ಗಲಾಟೆ ಇಲ್ಲ, ಏನಿಲ್ಲ. ಕೈಯಲ್ಲಿ ಪೆನ್ಸಿಲ್. ಅವತ್ತು ಬೆಳಗ್ಗೆಯಷ್ಟೇ ತೆಗೆದುಕೊಟ್ಟ ಹೊಸ ಪೆನ್ಸಿಲ್ ಅದು. ಕಾಯುತ್ತಾ ಕೆತ್ತಿ ಕೆತ್ತಿ ಕಿರುಬೆರಳಿನಷ್ಟು ಮಾಡಿಟ್ಟಿದ್ದ. ತೊಡೆ ಮೇಲೆ ಸಿಪ್ಪೆಯ ರಾಶಿ. "ಆಯಿ, ನನ್ನ ಪಾಳಿ ಯಾವಾಗ?" ಅಂದ.

ಅವನು ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಹಟ ಮಾಡುವವರಿಗೆ ನಾನು ಸಿಗುತ್ತೇನೆ, ಸುಮ್ಮನಿರುವವನಿಗೆ ಸಿಗುವುದಿಲ್ಲ.

ಬೇರೆ ಬೇರೆ ವಯಸ್ಸಿನ ಮಕ್ಕಳು ಇರುವವರು ಹೇಗೆ ಮಾಡುತ್ತೀರಿ? ಮೂವರನ್ನೂ ಒಟ್ಟಿಗೆ ಕೂರಿಸುತ್ತೀರಾ, ಒಬ್ಬೊಬ್ಬರನ್ನೇ ಕರೆಯುತ್ತೀರಾ? ಇನ್ನೊಂದು ವಿಷಯ, ನವೆಂಬರ್ ಹೊತ್ತಿಗೆ ನಮಗೆ ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವುದು) ಶುರುವಾಗುತ್ತದೆ. ಆಮೇಲೆ ಎರಡು ತಿಂಗಳು ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಆಳುಗಳಿಗೆ ಚಹಾ. ಆಗ ಯಾವ ಪಟ್ಟಿಯೂ ನಿಲ್ಲುವುದಿಲ್ಲ.

ನಿವೃತ್ತ ಮೇಷ್ಟ್ರು ಬರೆದದ್ದು:

ನಿಮ್ಮ ಪೆನ್ಸಿಲ್ ಹುಡುಗನ ಕಥೆ ಓದಿ ನನ್ನ ಶಾಲೆ ನೆನಪಾಯಿತು ತಾಯಿ. ನಾನು ಮೈಸೂರು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರಾಗಿದ್ದವನು. ಒಂದು ಕೋಣೆ, ಮೂರು ತರಗತಿ, ಒಬ್ಬನೇ ಮೇಷ್ಟ್ರು. ಒಂದನೇ ತರಗತಿಗೆ ಪಾಠ ಮಾಡುವಾಗ ಮೂರನೇ ತರಗತಿಗೆ "ಕಾಪಿ ಬರೀರಿ" ಅನ್ನೋದು. ನಮಗೆಲ್ಲಾ ಗೊತ್ತಿದ್ದ ಉಪಾಯ ಅದೊಂದೇ. ನಿಮ್ಮ ಹುಡುಗ ಪೆನ್ಸಿಲ್ ಕೆತ್ತಿದ, ನಮ್ಮ ಹುಡುಗರು ಬೆಂಚು ಕೆತ್ತುತ್ತಿದ್ದರು.

ಆಮೇಲೆ ನಲಿಕಲಿ ಅನ್ನೋ ಕಲಿಕೆಯ ಪದ್ಧತಿ ಬಂತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದದ್ದು. ಆಂಧ್ರದ ರಿಷಿ ವ್ಯಾಲಿಯಲ್ಲಿ ಹಳ್ಳಿ ಮಕ್ಕಳಿಗೆ ಕಾರ್ಡು ಇಟ್ಟು ಕಲಿಸುವುದನ್ನು ನಮ್ಮ ಕಡೆಯ ಮೇಷ್ಟ್ರುಗಳು ಹೋಗಿ ನೋಡಿ ಬಂದು, ಇಲ್ಲಿಗೆ ತಕ್ಕ ಹಾಗೆ ಮಾಡಿಕೊಂಡರು. ಅದರಲ್ಲಿ ಮಕ್ಕಳನ್ನು ತರಗತಿ ಪ್ರಕಾರ ಕೂರಿಸುವುದಿಲ್ಲ. ಐದು ತಟ್ಟೆ, ಅಂದರೆ ಐದು ಗುಂಪು ಅಂತ ಮಾಡುತ್ತೇವೆ. ಮೊದಲ ತಟ್ಟೆಯವರಿಗೆ ಮೇಷ್ಟ್ರು ಪೂರ್ತಿ ಪಕ್ಕದಲ್ಲೇ ಬೇಕು. ಎರಡನೆಯದಕ್ಕೆ ಮೇಷ್ಟ್ರು ಆಗಾಗ ಬಂದು ನೋಡಿದರೆ ಸಾಕು. ಮೂರು ಮತ್ತು ನಾಲ್ಕರಲ್ಲಿ ಜೊತೆಯ ಮಕ್ಕಳ ಸಹಾಯ, ಒಂದರಲ್ಲಿ ಪೂರ್ತಿ, ಇನ್ನೊಂದರಲ್ಲಿ ಸ್ವಲ್ಪ. ಐದನೆಯ ತಟ್ಟೆಯವರು ತಾವೇ ಮಾಡಿಕೊಳ್ಳುತ್ತಾರೆ. ಒಂದೇ ಮಗು ಬೆಳಗ್ಗೆ ಒಂದರಲ್ಲಿ, ಮಧ್ಯಾಹ್ನ ಐದರಲ್ಲಿ ಇರಬಹುದು. ಕಲಿಯುವ ವಿಷಯ ಹೊಸದೋ ಹಳೆಯದೋ ಅನ್ನೋದರ ಮೇಲೆ ಅದು.

ನಿಮ್ಮ ಪಟ್ಟಿಯಲ್ಲಿ ಹತ್ತು ಗಂಟೆಗೆ ಮೂವರೂ ಮೊದಲ ತಟ್ಟೆಯಲ್ಲಿದ್ದರು. ಬೀಜಗಣಿತ ಹೊಸದು, ಭಿನ್ನರಾಶಿ ಹೊಸದು, ಅಕ್ಷರ ಹೊಸದು. ಯಾವ ಮೇಷ್ಟ್ರಿಗೂ ಆಗದ ಕೆಲಸ ಅದು. ವಿಷಯದ ಹೆಸರು ಬರೆಯುವ ಮೊದಲು ಪ್ರತಿ ಚೌಕದಲ್ಲಿ 1 ಅಥವಾ 5 ಅಂತ ಬರೆಯಿರಿ. ಒಂದೇ ಹೊತ್ತಿನಲ್ಲಿ ಎರಡು '1' ಬಂದರೆ ಒಂದನ್ನು ಸರಿಸಿ. '5' ಅಂದರೆ ನಿಮ್ಮನ್ನು ಕೇಳದೆ ಮಾಡಬಹುದಾದ ಕೆಲಸ, ಕಣ್ಣೆದುರೇ ಇಟ್ಟಿರಬೇಕು. ಬೀರುವಿನಲ್ಲಿ ಇದ್ದರೆ ಲೆಕ್ಕಕ್ಕಿಲ್ಲ.

ಬೆಳಗ್ಗೆ ಮೊದಲು ಪುಟ್ಟಿಯ ಪಾಳಿ ಮುಗಿಸಿ. 20 ನಿಮಿಷ ಸಾಕು. ಚಿಕ್ಕವರನ್ನು ಕಾಯಿಸಿದರೆ ದಿನ ಪೂರ್ತಿ ಹಾಳು. ದಯವಿಟ್ಟು 'ಅ' ತಿದ್ದಿಸುವುದನ್ನು ಬಿಡಿ. ನಲಿಕಲಿಯಲ್ಲಿ ಮೊದಲು ಹೇಳಿಕೊಡುವುದು ರ, ಗ, ಸ, ದ, ಅ. ಈ ಐದು ಬಂದರೆ ಆ ವಾರವೇ ಮಗು ಸರ, ದರ, ಅರಸ, ಅಗಸ, ಗರಗಸ ಓದುತ್ತದೆ. ಅ ಆ ಇ ಈ ಪೂರ್ತಿ ಮುಗಿಸಿದ ಮಗುವಿಗೆ ಓದೋಕೆ ಏನಿದೆ ಹೇಳಿ?

ನಲಿಕಲಿಯಲ್ಲಿ ಎಲ್ಲಾ ಸರಿ ಇತ್ತು ಅಂತ ಅಲ್ಲ. ಕಾರ್ಡು ಕಳೆದುಹೋಗುತ್ತಿದ್ದವು, ದಾಖಲೆ ಬರೆಯುವ ಕಾಟ ಬೇರೆ. ಆದರೆ ಬೆಂಚು ಕೆತ್ತುವುದು ನಿಂತಿತು.

ಪೆನ್ಸಿಲ್ವೇನಿಯಾ ಕನ್ನಡತಿ ಬರೆದದ್ದು:

ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ. ದೊಡ್ಡ ಮಗನಿಗೆ 10, ಅವಳಿಗಳಿಗೆ 7. ಇಲ್ಲಿ ಹೋಮ್‌ಸ್ಕೂಲ್‌ಗೆ ಕಾನೂನೇ ಇದೆ. ವರ್ಷಕ್ಕೆ 180 ದಿನ ಕಲಿಸಬೇಕು, ಇಲ್ಲಾಂದ್ರೆ ಚಿಕ್ಕ ತರಗತಿಗಳಿಗೆ 900 ಗಂಟೆ. ಏನು ಓದಿಸಿದೆವು ಅಂತ ಬರೆದಿಡಬೇಕು, ಮಕ್ಕಳ ಕೆಲಸ ಜೋಡಿಸಿಡಬೇಕು, ವರ್ಷಕ್ಕೊಮ್ಮೆ ಅದನ್ನು ನೋಡಲು ಅರ್ಹತೆ ಇರುವ ಮೌಲ್ಯಮಾಪಕರಿಗೆ ತೋರಿಸಬೇಕು. ಮೊದಲ ವರ್ಷ ನಾನು ಗಂಟೆ ಲೆಕ್ಕ ಇಟ್ಟೆ. ದೋಸೆ ಹಿಟ್ಟು ಅಳೆದರೆ ಅದಕ್ಕೆ 10 ನಿಮಿಷ ಗಣಿತ ಅಂತ ಬರೆಯುವ ಮಟ್ಟಕ್ಕೆ ಹೋಗಿದ್ದೆ. ಗಂಡ ನಕ್ಕ ಮೇಲೆ ದಿನದ ಲೆಕ್ಕಕ್ಕೆ ಬಂದೆ.

ಮೇಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ವಯಸ್ಸಿನ ಪ್ರಕಾರ ಬೇರೆ ಬೇರೆ ಕಲಿಸಲೇಬೇಕಾದದ್ದು ಗಣಿತ ಮತ್ತು ಓದು-ಬರಹ, ಅಷ್ಟೇ. ವಿಜ್ಞಾನ, ಇತಿಹಾಸ, ಚಿತ್ರ, ಗಟ್ಟಿಯಾಗಿ ಕಥೆ ಓದುವುದು, ಇವೆಲ್ಲಾ ಒಟ್ಟಿಗೆ. ಬೀಜ ಮೊಳಕೆ ಒಡೆಯುವುದನ್ನು ಮೂವರೂ ನೋಡುತ್ತಾರೆ. ಚಿಕ್ಕವರು ಚಿತ್ರ ಬರೆಯುತ್ತಾರೆ, ದೊಡ್ಡವನು ದಿನಕ್ಕೆ ಎಷ್ಟು ಬೆಳೆಯಿತು ಅಂತ ಅಳೆದು ಗ್ರಾಫ್ ಹಾಕುತ್ತಾನೆ.

ಈ ವಿಷಯಗಳಿಗೆ ವಾರ ಕಟ್ಟಬೇಡಿ. ಸೋಮವಾರ ಇತಿಹಾಸ, ಮಂಗಳವಾರ ವಿಜ್ಞಾನ ಅಂತ ಹಾಕಿದರೆ, ಸೋಮವಾರ ಜ್ವರ ಬಂದಾಗೆಲ್ಲಾ ಇತಿಹಾಸ ತಪ್ಪುತ್ತದೆ. ನಾನು ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದು ಫ್ರಿಜ್‌ಗೆ ಅಂಟಿಸಿದ್ದೇನೆ, ಬಟ್ಟೆ ಕ್ಲಿಪ್ ಹಾಕಿ. ಇವತ್ತು ಕ್ಲಿಪ್ ಎಲ್ಲಿದೆಯೋ ಅದು. ಮುಗಿದರೆ ಕ್ಲಿಪ್ ಕೆಳಗೆ ಇಳಿಯುತ್ತದೆ. ನಾಲ್ಕು ದಿನ ರಜೆ ಆದರೂ ಏನೂ ತಪ್ಪಿಹೋಗುವುದಿಲ್ಲ, ಕ್ಲಿಪ್ ಅಲ್ಲೇ ಕಾಯುತ್ತಿರುತ್ತದೆ.

ಕನ್ನಡ ಮಾತ್ರ ಗಟ್ಟಿ ಸಮಯ. ಬೇಸಿಗೆಯಲ್ಲಿ ಇಲ್ಲಿ ಶನಿವಾರ ರಾತ್ರಿ ಎಂಟೂವರೆ ಅಂದರೆ ಊರಲ್ಲಿ ಭಾನುವಾರ ಬೆಳಗ್ಗೆ ಆರು. ಅಮ್ಮ ಕಾಫಿ ಹಿಡಿದು ಫೋನ್ ಮುಂದೆ ಕೂರುತ್ತಾರೆ. ಅದನ್ನು ಅವರೂ ತಪ್ಪಿಸುವುದಿಲ್ಲ, ನಾನೂ ತಪ್ಪಿಸುವುದಿಲ್ಲ.

ಕೊಯ್ಲಿನ ಎರಡು ತಿಂಗಳು ರಜೆ ಕೊಟ್ಟುಬಿಡಿ, ಏಪ್ರಿಲ್-ಮೇನಲ್ಲಿ ಓದಿಸಿ. ನಿಮ್ಮ ದಿನಗಳನ್ನು ಎಣಿಸಲು ಯಾರೂ ಬರುವುದಿಲ್ಲ, ನನ್ನ ಹೊಟ್ಟೆಕಿಚ್ಚು ಅದೇ.

ಹಿರಿಮಗಳು ಬರೆದದ್ದು:

ನಾನು ಅಮ್ಮ ಅಲ್ಲ, ಮಗಳು. ನಾಲ್ಕು ಮಕ್ಕಳಲ್ಲಿ ದೊಡ್ಡವಳು. ಹತ್ತನೇ ವಯಸ್ಸಿನಿಂದ ಮನೆಯಲ್ಲೇ ಕಲಿತೆ. ಈಗ 21. ಮೇಷ್ಟ್ರ ಮೂರನೇ ತಟ್ಟೆಯ ಬಗ್ಗೆ ನನಗೆ ತಕರಾರಿದೆ, ಕ್ಷಮಿಸಿ.

ಶಾಲೆಯಲ್ಲಿ ಜೊತೆಯ ಮಗು ಅಂದರೆ ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. ಮನೆಯಲ್ಲಿ ಯಾವಾಗಲೂ ಒಬ್ಬಳೇ. "ಒಂಚೂರು ತಮ್ಮನಿಗೆ ಹೇಳಿಕೊಡು" ಅಂತ ಶುರುವಾದದ್ದು ನನಗೆ 13 ಆಗುವಾಗ ದಿನಕ್ಕೆ ಎರಡು ಗಂಟೆ ಆಗಿತ್ತು. ಅಮ್ಮ ಕೆಟ್ಟವಳಲ್ಲ, ಅವಳಿಗೆ ಕೈ ಸಾಲುತ್ತಿರಲಿಲ್ಲ. ನಾನು ಜಾಣೆ, ಏನು ಕೊಟ್ಟರೂ ಒಬ್ಬಳೇ ಓದಿಕೊಳ್ಳುತ್ತೇನೆ ಅಂತ ಎಲ್ಲರೂ ಹೇಳುತ್ತಿದ್ದರು. ನನಗೆ ಗಣಿತ ಅರ್ಥ ಆಗುತ್ತಿಲ್ಲ ಅನ್ನೋದು ಎನ್‌ಐಒಎಸ್ (ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲೆ) ಪರೀಕ್ಷೆಯಲ್ಲಿ ಫೇಲ್ ಆದಾಗಲೇ ಮನೆಯವರಿಗೆ ಗೊತ್ತಾದದ್ದು.

ಅಕ್ಕಾ, ನಿಮ್ಮ ಪ್ರಶ್ನೆಯಲ್ಲಿ ನಡುವಿನವನ ಬಗ್ಗೆ ಇದೆ, ಪುಟ್ಟಿ ಬಗ್ಗೆ ಇದೆ. ದೊಡ್ಡವಳು ಎಕ್ಸ್ ಬಗ್ಗೆ ಕೇಳುತ್ತಿದ್ದಳು, ನೀವು ಕರುವಿನ ಹಿಂದೆ ಓಡಿದಿರಿ. ಆಮೇಲೆ ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತಾ? ನೀವು ಬರೆದಿಲ್ಲ.

ಅವಳಿಗೆ ದಿನಕ್ಕೆ ಒಂದು ಗಂಟೆ ಬಾಗಿಲು ಹಾಕಿಕೊಂಡು ನೀವು ಬೇಕು. ಎನ್‌ಐಒಎಸ್ ಹತ್ತನೇ ತರಗತಿಗೆ ಸೇರಲು 14 ತುಂಬಿರಬೇಕು, ಅಂದರೆ ನಿಮಗೆ ಇನ್ನೂ ಸಮಯ ಇದೆ. ಗಾಬರಿಯೂ ಬೇಡ. ಸರ್ಟಿಫಿಕೇಟ್‌ಗೆ ಐದು ವಿಷಯ ಪಾಸಾದರೆ ಸಾಕು, ಒಂದಾದರೂ ಭಾಷೆ ಇರಬೇಕು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಐದು ವರ್ಷದಲ್ಲಿ ಒಂಬತ್ತು ಅವಕಾಶ. ಎಲ್ಲಾ ಒಂದೇ ಸಲ ಬರೆಯಬೇಕು ಅಂತ ಇಲ್ಲ. ನಾನು ಎರಡನೇ ಸಲ ಗಣಿತ ಒಂದನ್ನೇ ಬರೆದೆ. ಅದಕ್ಕೆ ಮೊದಲು ಆರು ತಿಂಗಳು ಅಪ್ಪ ದಿನಾ ರಾತ್ರಿ ಪಕ್ಕದಲ್ಲಿ ಕೂತರು.

ನಿವೃತ್ತ ಮೇಷ್ಟ್ರು ಬರೆದದ್ದು:

ಮಗಳೇ, ನೀನು ಹೇಳಿದ್ದು ಸರಿ. ಶಾಲೆಯ ಲೆಕ್ಕವನ್ನು ಮನೆಗೆ ಹಾಗೇ ತಂದೆ, ನನ್ನ ತಪ್ಪು. ದೊಡ್ಡವಳ ಸಹಾಯ ಬೇಕಾದರೆ 15 ನಿಮಿಷ ಮೀರಬಾರದು. ಅದನ್ನೂ ಅವಳೇ ಒಪ್ಪಿದರೆ ಮಾತ್ರ.

ತೋಟದಮನೆ ಬರೆದದ್ದು (ಮೂರು ವಾರದ ನಂತರ):

ಎಲ್ಲರಿಗೂ ತಡವಾಗಿ ಉತ್ತರ. ಮಳೆ ಜೋರು, ನಾಲ್ಕು ದಿನ ಕರೆಂಟ್ ಇರಲಿಲ್ಲ.

ಡ್ರಾಯಿಂಗ್ ಶೀಟ್ ತೆಗೆದೆ. ಮೇಷ್ಟ್ರು ತಟ್ಟೆ ಅಂದದ್ದನ್ನು ನಾನು ನಿಜವಾಗಿ ತಟ್ಟೆಯೇ ಮಾಡಿದೆ. ಮೂರು ಅಡಿಕೆ ಹಾಳೆಯ ತಟ್ಟೆ, ಒಂದೊಂದರ ಮೇಲೆ ಒಬ್ಬೊಬ್ಬರ ಹೆಸರು, ಜಗಲಿಯ ಮೇಲೆ. ನನ್ನನ್ನು ಕೇಳದೆ ಮಾಡುವ ಕೆಲಸ ರಾತ್ರಿಯೇ ಅದರಲ್ಲಿ ಇಡುತ್ತೇನೆ. ಅಡಿಕೆ ಮನೆಯಲ್ಲಿ ಹಾಳೆಗೆ ಬರ ಇಲ್ಲ ನೋಡಿ.

ಬೆಳಗ್ಗೆ ಪುಟ್ಟಿ ಮೊದಲು. ಐದನೇ ದಿನಕ್ಕೆ 'ಗರಗಸ' ಓದಿದಳು. ಅಜ್ಜನ ಗರಗಸ ಹುಡುಕಿ, ಅದರ ಹಿಡಿಕೆ ಮೇಲೆ ಬಳಪದಲ್ಲಿ ಅದೇ ಪದ ಬರೆದು ಬಂದಳು. ಈಗ ಸರ ಹಾಕಿಕೊಂಡ ಹೆಂಗಸರನ್ನೆಲ್ಲಾ ಮುಟ್ಟಿ "ಸರ" ಅನ್ನುತ್ತಾಳೆ, ಅದೊಂದು ಮುಜುಗರ.

ನಡುವಿನವನ ಪಾಳಿ ಈಗ ಒಂಬತ್ತೂಮುಕ್ಕಾಲಿಗೆ, ತಪ್ಪುವುದಿಲ್ಲ. ಭಿನ್ನರಾಶಿ ಬಿಟ್ಟು ದಶಮಾಂಶಕ್ಕೆ ಬಂದೆವು, ಅದೂ ಅವರ ಅಪ್ಪನ ದೆಸೆಯಿಂದ. ಮಳೆ ಸ್ವಲ್ಪ ಹೊಳವಾಗಿತ್ತು, ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಯಬೇಕಿತ್ತು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. "350 ಲೀಟರಿಗೆ ಎಷ್ಟು ಬೇಕು ಹೇಳು" ಅಂದರು. ಇವನು ಬರೆದು ತಂದದ್ದು 3 ಕೆಜಿ 50 ಗ್ರಾಂ. ಅವರು ಬೈಯಲಿಲ್ಲ. ಸುಣ್ಣದ ಚೀಲದಿಂದ 50 ಗ್ರಾಂ ತಕ್ಕಡಿಗೆ ಹಾಕಿ ತೋರಿಸಿದರು, ಒಂದು ಮುಷ್ಟಿಯೂ ಇಲ್ಲ. "ಇದು ಅರ್ಧ ಡ್ರಮ್ಮಿಗೆ ಸಾಕಾಗುತ್ತಾ?" ಅಂದರು. ನಮ್ಮದು 100 ಲೀಟರಿನ ಡ್ರಮ್ಮು. ಅವನು ತಕ್ಕಡಿ ನೋಡಿದ, ಡ್ರಮ್ಮು ನೋಡಿದ, ಒಳಗೆ ಓಡಿಹೋಗಿ 3.5 ಅಂತ ತಿದ್ದಿಕೊಂಡು ಬಂದ. ನಾನು ಹದಿನೈದು ದಿನ ಹೇಳಿದ್ದರೂ ಅಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಬಟ್ಟೆ ಕ್ಲಿಪ್ ಉಪಾಯ ಅಷ್ಟಕ್ಕಷ್ಟೇ. ಮೂರು ವಾರದಲ್ಲಿ ಐದು ಸಲ ಇಳಿದಿದೆ. ಕೊಯ್ಲಿನ ರಜೆ ಮಾತ್ರ ಖಂಡಿತ.

ಹಿರಿಮಗಳು ಕೇಳಿದ ಪ್ರಶ್ನೆಗೆ ಉತ್ತರ: ಸಿಕ್ಕಿರಲಿಲ್ಲ. ಎಕ್ಸ್ ಪ್ರಶ್ನೆ ಅಲ್ಲೇ ನಿಂತಿತ್ತು, ನಾನು ಮರೆತಿದ್ದೆ. ಈಗ ಮಧ್ಯಾಹ್ನ ಎರಡೂವರೆಯಿಂದ ಮೂರೂವರೆ ಮಾಳಿಗೆ ಮೇಲೆ ಅವಳು ಮತ್ತು ನಾನು. ಅತ್ತೆಯವರು ಕೆಳಗೆ ಇಬ್ಬರನ್ನೂ ನೋಡಿಕೊಳ್ಳುತ್ತಾರೆ. ಮೊದಲ ದಿನ ಪುಸ್ತಕವನ್ನೇ ತೆರೆಯಲಿಲ್ಲ, ಒಂದು ಗಂಟೆ ಮಾತಾಡಿದಳು. ಎರಡನೇ ದಿನವೂ ಅರ್ಧ ಗಂಟೆ ಮಾತೇ. ಮೂರನೇ ದಿನ ತಾನಾಗಿಯೇ, "ಎರಡೂ ಕಡೆ 7 ಕಳೆದರೆ ತಕ್ಕಡಿ ವಾಲುವುದಿಲ್ಲ, ಅದಕ್ಕೇ ಅಲ್ವಾ?" ಅಂದಳು. ತಮ್ಮನ ಸುಣ್ಣದ ತಕ್ಕಡಿಯನ್ನು ಅವಳೂ ನೋಡುತ್ತಾ ನಿಂತಿದ್ದಳಂತೆ.

ಒಂದೇ ತೊಂದರೆ ಉಳಿದಿದೆ. ಪುಟ್ಟಿ ಮಧ್ಯಾಹ್ನ ಮಲಗುವುದನ್ನು ಬಿಟ್ಟಿದ್ದಾಳೆ. ಎರಡೂಮುಕ್ಕಾಲಿಗೆ ಸರಿಯಾಗಿ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿಯುತ್ತಾಳೆ, ಅತ್ತೆಯವರು ಅಷ್ಟು ಹೊತ್ತಿಗೆ ಗೊರಕೆ. ಯಾರ ಬಳಿಯಾದರೂ ಉಪಾಯ ಇದ್ದರೆ ಹೇಳಿ. ಕರುವಿನ ಹತ್ತಿರ ಕಳಿಸಿ ಅನ್ನಬೇಡಿ.